ಎರಡನೇ ದಿನದ ರಕ್ತ ಪರೀಕ್ಷೆ ಎರಡನೇ ದಿನವೇ ಆಗಬೇಕು

ಮಕ್ಕಳಾಗಲಿಲ್ಲವೆಂದು ವೈದ್ಯರ ಬಳಿ ಹೋಗುವ ಹೆಣ್ಣುಮಕ್ಕಳ ಕೈಗೆ ಮೊದಲು ಬರುವುದು ಹಾರ್ಮೋನ್ ಪರೀಕ್ಷೆಗಳ ಚೀಟಿ. ಯಾವ ಯಾವ ಪರೀಕ್ಷೆ ಎಂಬುದು ಅದರಲ್ಲಿರುತ್ತದೆ. ಮುಟ್ಟಿನ ಎಷ್ಟನೇ ದಿನ ರಕ್ತ ಕೊಡಬೇಕು ಎಂಬುದು ಎಷ್ಟೋ ಸಲ ಇರುವುದಿಲ್ಲ. ಅಂಡ ಬೆಳೆಯುವಂತೆ ಮಾಡುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ವರದಿಯನ್ನು, ರಕ್ತ ಕೊಟ್ಟದ್ದು ಮುಟ್ಟಿನ ಎಷ್ಟನೇ ದಿನ ಎಂದು ಗೊತ್ತಿಲ್ಲದೆ ನಂಬಿ, ಚಿಕಿತ್ಸೆಯ ಯಾವ ತೀರ್ಮಾನಕ್ಕೂ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಚಿಕ್ಕಮ್ಮನ ಮಗಳ ವಿಷಯದಲ್ಲಿ ಆದದ್ದು ಇದೇ. ರಿಯಾಯಿತಿ ದರದ ಪ್ಯಾಕೇಜ್ ಎಂದು ಒಂದು ಲ್ಯಾಬ್‌ನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಕೊನೆಯ ಮುಟ್ಟಿನ ದಿನಾಂಕ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದರು. ಮರುದಿನ ಮೊಬೈಲಿಗೆ ಬಂದ ವರದಿಯಲ್ಲಿ ಎಫ್‌ಎಸ್‌ಎಚ್ 17 ಎಂದಿತ್ತು. ಹತ್ತು ದಾಟಿದರೆ ಅಂಡಾಶಯದಲ್ಲಿ ಅಂಡಗಳು ಕಡಿಮೆಯಾಗಿರಬಹುದು ಎಂದು ಎಲ್ಲೋ ಓದಿಕೊಂಡಿದ್ದ ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ವೈದ್ಯೆ ವರದಿಯನ್ನು ನೋಡಿ, ಅದರ ಕೆಳಗಿನ ಸಾಲಿನಲ್ಲಿದ್ದ, ಅಂಡ ಬಿಡುಗಡೆ ಮಾಡಿಸುವ ಹಾರ್ಮೋನಾದ ಎಲ್‌ಎಚ್ 40 ದಾಟಿರುವುದನ್ನು ಬೆರಳಿಟ್ಟು ತೋರಿಸಿ, "ಇದು ಅಂಡ ಬಿಡುಗಡೆಯಾಗುವ ಹೊತ್ತಿನಲ್ಲಿ ತೆಗೆದ ರಕ್ತ ಕಣಮ್ಮ, ಮುಂದಿನ ಸಲ ಮುಟ್ಟಾದ ಎರಡನೇ ದಿನ ಕೊಡಿ" ಎಂದರು. ಹಾಗೆ ಮಾಡಿಸಿದಾಗ ಎಫ್‌ಎಸ್‌ಎಚ್ 7 ಬಂತು.

ಎರಡು ಮುಟ್ಟುಗಳ ನಡುವೆ, ಅಂಡ ಬಿಡುಗಡೆಗೆ ಮುಂಚೆ, ಎಲ್‌ಎಚ್ ಒಮ್ಮೆಲೇ ಏರುತ್ತದೆ. ಅದರ ಜೊತೆ ಎಫ್‌ಎಸ್‌ಎಚ್ ಕೂಡ ಏರುತ್ತದೆ. ಅಂಡಾಶಯದ ನಿಜಸ್ಥಿತಿ ತಿಳಿಯಬೇಕಾದರೆ ಈ ಏರಿಳಿತ ಶುರುವಾಗುವ ಮೊದಲು, ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ, ನೋಡಬೇಕು. ಅಂದು ಅಂಡಾಶಯದಲ್ಲಿ ತಯಾರಾಗುವ ಎಸ್ಟ್ರಡಿಯಾಲ್ ಎಂಬ ಹಾರ್ಮೋನಿನ ಪರೀಕ್ಷೆಯೂ ಜೊತೆಗಿರಲೇಬೇಕು, ಏಕೆಂದರೆ ಅದು ಹೆಚ್ಚಿದ್ದರೆ ಎಫ್‌ಎಸ್‌ಎಚ್ ಅನ್ನು ತಗ್ಗಿಸಿ, ತೊಂದರೆ ಇದ್ದರೂ ವರದಿ ಚೆನ್ನಾಗಿ ಕಾಣುವಂತೆ ಮಾಡಿಬಿಡುತ್ತದೆ. ದಿನ ಎಣಿಸುವಾಗ ಚೆನ್ನಾಗಿ ಸ್ರಾವ ಶುರುವಾದ ದಿನವೇ ಮೊದಲನೆಯದು. ಅದಕ್ಕೆ ಮುಂಚೆ ಕಾಣುವ ಕಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಡ ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪರೀಕ್ಷೆಯ ಗೊಂದಲ ಇನ್ನೂ ದೊಡ್ಡದು. ಅದನ್ನು "ಇಪ್ಪತ್ತೊಂದನೇ ದಿನದ ಪರೀಕ್ಷೆ" ಎಂದೇ ಕರೆಯುವುದರಿಂದ ಎಲ್ಲರೂ ಇಪ್ಪತ್ತೊಂದನೇ ದಿನವೇ ಹೋಗುತ್ತಾರೆ. ಆ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರದು. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ಎಂಬುದೇ ಅದರ ನಿಯಮವಾದ್ದರಿಂದ, 35 ದಿನಕ್ಕೊಮ್ಮೆ ಆಗುವವರು 28ನೇ ದಿನ ಹೋಗಬೇಕು. ಬೇಗ ಹೋದರೆ ಅಂಡ ಆಗಷ್ಟೇ ಬಿಡುಗಡೆಯಾಗಿರುತ್ತದೆ, ಪ್ರೊಜೆಸ್ಟರಾನ್ ಇನ್ನೂ ಏರಿರುವುದಿಲ್ಲ, "ನಿಮಗೆ ಅಂಡವೇ ಬಿಡುಗಡೆಯಾಗುತ್ತಿಲ್ಲ" ಎಂಬ ಮಾತು ಕೇಳಬೇಕಾಗುತ್ತದೆ. ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆಯಿಂದ ತಿಂಗಳುಗಟ್ಟಲೆ ಮುಟ್ಟಾಗದವರ ಲೆಕ್ಕವೇ ಬೇರೆ, ಅವರಿಗೆ ದಿನವನ್ನು ವೈದ್ಯರೇ ಗೊತ್ತುಮಾಡಬೇಕು.

ನಮ್ಮ ಮನೆಗಳಲ್ಲಿ ಯಾರೂ ವೈದ್ಯರಿಗೆ ಹೇಳದೆ ಉಳಿಸಿಕೊಳ್ಳುವ ಸಂಗತಿಯೊಂದಿದೆ. ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿ ಪೂಜೆಗೆ, ಮೈದುನನ ಮದುವೆಗೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಔಷಧಿ ಅಂಗಡಿಯಿಂದ ತಂದು ನುಂಗುತ್ತಾರೆ. ಅದರಲ್ಲಿರುವುದೂ ಹಾರ್ಮೋನೇ. ಅದನ್ನು ನಿಲ್ಲಿಸಿದ ಮೇಲೆ ಆಗುವ ಸ್ರಾವವನ್ನು ಸಹಜ ಮುಟ್ಟೆಂದು ಭಾವಿಸಿ ಎರಡನೇ ದಿನ ರಕ್ತ ಕೊಟ್ಟರೆ ಬರುವ ಅಂಕಿಗಳಿಂದ ಅಂಡಾಶಯದ ಸ್ಥಿತಿಯನ್ನು ಅಳೆಯಲಾಗದು. ಕೂದಲು ಉದುರುತ್ತದೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಯೂ ಕೆಲವು ಲ್ಯಾಬ್ ವಿಧಾನಗಳಲ್ಲಿ ಅಂಕಿಗಳನ್ನು ಏರುಪೇರು ಮಾಡುತ್ತದೆ. ಎರಡನ್ನೂ ಮುಂಚೆಯೇ ಹೇಳಬೇಕು.

ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆಗೆ ದಿನದ ಕಟ್ಟುಪಾಡಿಲ್ಲ. ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರುವುದರಿಂದ, ಆತಂಕಕ್ಕೂ ಏರುವುದರಿಂದ, ಎದ್ದು ಎರಡು ಮೂರು ಗಂಟೆಯಾದ ಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೊಡುವುದು ಒಳ್ಳೆಯದು.

ಎರಡನೇ ದಿನ ಎಂದು ಬರೆಯುವುದು ವೈದ್ಯರಿಗೆ ಸುಲಭ, ಪಾಲಿಸುವುದು ಹೆಣ್ಣಿಗೆ ಸುಲಭವಲ್ಲ. ತಾಲ್ಲೂಕಿನಿಂದ ಹುಬ್ಬಳ್ಳಿಗೋ ಮೈಸೂರಿಗೋ ಹೋಗಬೇಕಾದವಳು ಸಂಜೆ ಮುಟ್ಟಾದರೆ ಮಾರನೆಯ ಬೆಳಗಿನ ಬಸ್ಸಿಗೆ ಹೊರಡಬೇಕು; ಕೂಡುಕುಟುಂಬದಲ್ಲಿ ಏಕೆ ಹೊರಟೆ ಎಂದು ಎಲ್ಲರಿಗೂ ಉತ್ತರಿಸಬೇಕು; ಅಂದು ಭಾನುವಾರವಾದರೆ ಲ್ಯಾಬ್ ತೆರೆದಿರುತ್ತದೋ ಇಲ್ಲವೋ. ಆ ಒಂದೆರಡು ದಿನ ತಪ್ಪಿದರೆ ಒಂದು ತಿಂಗಳೇ ಹೋಯಿತು, ಮೂವತ್ತೆಂಟು ದಾಟಿದವಳಿಗೆ ಆ ತಿಂಗಳು ಸಣ್ಣದಲ್ಲ. ಆದ್ದರಿಂದ ಚೀಟಿಯಲ್ಲಿ ಪ್ರತಿ ಪರೀಕ್ಷೆಯ ಮುಂದೆ ದಿನವನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ವೈದ್ಯರನ್ನು ಕೇಳಿಕೊಳ್ಳುತ್ತೇನೆ. ಕೊನೆಯ ಮುಟ್ಟಿನ ದಿನಾಂಕ ಕೇಳದೆ ಎಫ್‌ಎಸ್‌ಎಚ್‌ಗೆ ರಕ್ತ ತೆಗೆಯಬೇಡಿ ಎಂದು ಲ್ಯಾಬ್‌ನವರಿಗೆ ಹೇಳುತ್ತೇನೆ. ಗಂಡಂದಿರು ಆ ಬೆಳಗಿಗೆ ರಜೆ ಹಾಕಿ ಹೆಂಡತಿಯ ಜೊತೆ ಹೋಗಲಿ, ತಮ್ಮ ವೀರ್ಯ ಪರೀಕ್ಷೆಯನ್ನೂ ಅದೇ ತಿಂಗಳು ಮುಗಿಸಿಕೊಳ್ಳಲಿ. ಅದಕ್ಕೆ ಬೇಕಾದದ್ದು ಎರಡರಿಂದ ಏಳು ದಿನಗಳ ಸಂಯಮ ಮಾತ್ರ.