ಬಳ್ಳಾರಿ-ಕೊಪ್ಪಳದ ಮಂದಿ ಸಮುದ್ರ ನೋಡೋದಾದ್ರೆ ಅಂಕೋಲಾದಲ್ಲಿ ಇಳಿಯಿರಿ

ನಮ್ಮ ಕಡೆ ಸಮುದ್ರ ಅಂದ್ರೆ ಗೋಕರ್ಣ, ಇಲ್ಲಾಂದ್ರೆ ಮುರುಡೇಶ್ವರ. ರಾತ್ರಿ ಟೆಂಪೋ ಟ್ರಾವೆಲರ್ ಮಾಡ್ಕೊಂಡು ಹೊರಡೋದು, ಬೆಳಗ್ಗೆ ದರ್ಶನ, ನೆತ್ತಿ ಸುಡೋ ಹೊತ್ತಿಗೆ ನೀರಿಗೆ ಬೀಳೋದು, ಸಂಜೆ ಮತ್ತೆ ಗಾಡಿ ಹತ್ತೋದು. ಇದರಲ್ಲಿ ಸಮುದ್ರ ನೋಡಿದ್ದೆಷ್ಟು, ಸೀಟಿನ ಮೇಲೆ ನಿದ್ದೆ ಹೊಡೆದಿದ್ದೆಷ್ಟು ನೀವೇ ಲೆಕ್ಕ ಹಾಕ್ರಿ. ಎರಡು ರಾತ್ರಿ ಒಂದೇ ಊರಲ್ಲಿ ಸುಮ್ಮನೆ ಇರೋ ಮನಸ್ಸಿದ್ರೆ ಅಂಕೋಲಾ ಸಾಕು.

ನಾವು ಹೋಗದಿದ್ರೂ ನಮ್ಮ ಮಣ್ಣು ಅಲ್ಲಿಗೆ ಬೇಕಾದಷ್ಟು ಹೋಗಿದೆ. ಸಂಡೂರು, ಹೊಸಪೇಟೆಯ ಅದಿರಿನ ಲಾರಿಗಳು ಅರಬೈಲ್ ಘಟ್ಟ ಇಳಿದು ಸೇರ್ತಿದ್ದ ಬೇಲೆಕೇರಿ ಬಂದರು ಇದೇ ತಾಲೂಕಿನದು. 2010ರಲ್ಲಿ ಜಪ್ತಿಯಾದ ಅದಿರು ಮಾಯವಾಗಿದ್ದೂ ಅಲ್ಲಿಂದಲೇ. ಈಗ ಪಕ್ಕದ ಕೇಣಿಯಲ್ಲಿ ಹೊಸ ಬಂದರಿನ ಯೋಜನೆ ಇದೆ, ಅಲ್ಲಿನ ಮೀನುಗಾರರು ವಿರೋಧಿಸ್ತಿದ್ದಾರೆ. ಕೇಣಿಯ ದಂಡೆ ಈಗಿರೋ ಹಾಗೆ ನೋಡಬೇಕಂದ್ರೆ ತಡ ಮಾಡಬೇಡ್ರಿ.

ದಾರಿ ಸರಳ. ಬಳ್ಳಾರಿಯಿಂದ ಸುಮಾರು 350 ಕಿ.ಮೀ., ಕೊಪ್ಪಳದಿಂದ 250ರ ಆಸುಪಾಸು. ಹುಬ್ಬಳ್ಳಿ ತನಕ ಹೆದ್ದಾರಿ 67, ಅಲ್ಲಿಂದ ಕಲಘಟಗಿ, ಯಲ್ಲಾಪುರದ ಮೇಲೆ ಹೆದ್ದಾರಿ 52. ರಾಯಚೂರಿನವರು ಸಿಂಧನೂರು, ಗಂಗಾವತಿ ಹಿಡಿದು ಕೊಪ್ಪಳದ ಹತ್ತಿರ ಸೇರಿಕೊಳ್ಳಬಹುದು. ಹುಬ್ಬಳ್ಳಿ-ಅಂಕೋಲಾ ರೈಲು 1990ರ ದಶಕದಿಂದ ಕಾಗದದ ಮೇಲೇ ಓಡ್ತಿದೆ, ಅದಕ್ಕೆ ಕಾಯಬೇಡ್ರಿ. ಹುಬ್ಬಳ್ಳಿ ತನಕ ರೈಲು, ಮುಂದೆ ಸರ್ಕಾರಿ ಬಸ್ಸು. ಶಕ್ತಿ ಯೋಜನೆಯಲ್ಲಿ ಹೋಗೋ ಹೆಣ್ಣುಮಕ್ಕಳು ಒಂದು ನೆನಪಿಡ್ರಿ: ಗೋವಾ ಬೋರ್ಡಿನ ಅಂತರರಾಜ್ಯ ಬಸ್ಸಿಗೆ, ರಾಜಹಂಸಕ್ಕೆ, ಸ್ಲೀಪರಿಗೆ ಉಚಿತ ಟಿಕೆಟ್ ಇಲ್ಲ.

ಸ್ವಂತ ಗಾಡಿ ಆದ್ರೆ ಯಲ್ಲಾಪುರ ದಾಟೋದು ಹಗಲಲ್ಲೇ ಇರಲಿ. ಬಯಲುಸೀಮೆಯ ಚಾಲಕರು ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋಗ್ತಾರೆ. ಬ್ರೇಕ್ ಕಾದು ಸುಟ್ಟ ವಾಸನೆ ಬರ್ತದೆ, ಆಮೇಲೆ ಎಷ್ಟು ಒತ್ತಿದ್ರೂ ಹಿಡಿಯೋದಿಲ್ಲ. ಇಳಿಜಾರು ಶುರುವಾಗೋ ಮೊದಲೇ ಎರಡನೇ ಗೇರಿಗೆ ಬನ್ನಿ, ಎಂಜಿನ್ನೇ ಗಾಡಿ ತಡೀಲಿ, ಬ್ರೇಕ್ ಬಿಟ್ಟು ಬಿಟ್ಟು ಒತ್ತಿರಿ.

ಹೋಗೋ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲ ಬೇಡವೇ ಬೇಡ. 2021ರಲ್ಲಿ ಅರಬೈಲ್ ಘಟ್ಟದಲ್ಲೇ ಗುಡ್ಡ ಕುಸಿದಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಕುಸಿದ ಗುಡ್ಡ ಅಂಕೋಲಾ-ಕುಮಟಾ ನಡುವಿನ ಹೆದ್ದಾರಿ 66ರದ್ದು. ಮೇ ತಿಂಗಳಲ್ಲಿ ಹೋಗೋದಕ್ಕೆ ಒಂದೇ ಒಂದು ಒಳ್ಳೆ ಕಾರಣ ಇದೆ: ಕರಿ ಈಶಾಡ ಮಾವು, ಅಂಕೋಲಾದ್ದೇ ತಳಿ ಅಂತ 2023ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದ್ದು. ಆದ್ರೆ ‘ನಾವು ಬಳ್ಳಾರಿ ಬಿಸಿಲು ಕಂಡವರು’ ಅನ್ನೋ ಜಂಬ ಅಲ್ಲಿ ನಡೆಯೋದಿಲ್ಲ. ನಮ್ಮದು ಒಣ ಬಿಸಿಲು, ಬೆವರು ಬಂದಂಗೇ ಆರಿ ಮೈ ತಂಪಾಗ್ತದೆ. ಅಲ್ಲಿ ಗಾಳಿಯಲ್ಲೇ ನೀರಿರೋದ್ರಿಂದ ಬೆವರು ಆರೋದಿಲ್ಲ. 33 ಡಿಗ್ರಿಗೇ ತಲೆ ತಿರುಗ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಡಬೇಡ್ರಿ, ನೀರಿನ ಜೊತೆ ಚಿಟಿಕೆ ಉಪ್ಪು ಹೊಟ್ಟೆಗೆ ಹೋಗಲಿ.

ಇನ್ನು ನೀರಿನ ವಿಷಯ. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತವರಿಗೇ ಸಮುದ್ರದಲ್ಲಿ ಅಪಾಯ ಜಾಸ್ತಿ ಅಂತ ನನ್ನ ಅಭಿಪ್ರಾಯ. ಕಾಲುವೆಯ ಸೆಳೆತ ದಂಡೆಗುಂಟ ಹರೀತದೆ, ಹಾಗಾಗಿ ದಂಡೆ ಕಡೆ ಕೈ ಬೀಸಿದ್ರೆ ಬಚಾವ್. ಸಮುದ್ರದಲ್ಲಿ ಅಲೆ ತಂದು ಸುರಿದ ನೀರು ಒಂದು ಕಿರಿದಾದ ಓಣಿಯಲ್ಲಿ ವಾಪಸ್ ಒಳಕ್ಕೆ ಹೋಗ್ತದೆ. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯೋದಿಲ್ಲ, ನೀರು ಕಪ್ಪಗೆ, ಇಲ್ಲಾ ರಾಡಿಯಾಗಿ ಕಾಣ್ತದೆ. ಶಾಂತ ಇದೆ ಅಂತ ನಮ್ಮ ಮಂದಿ ಮಕ್ಕಳನ್ನ ಇಳಿಸೋದು ಸರಿಯಾಗಿ ಅಲ್ಲೇ! ಸಿಕ್ಕಿಬಿದ್ರೆ ದಂಡೆ ಕಡೆ ಈಜಬೇಡ್ರಿ, ರಟ್ಟೆ ಸೋಲ್ತದೆ. ದಂಡೆಗೆ ಸಮನಾಗಿ ಎಡಕ್ಕೋ ಬಲಕ್ಕೋ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ಅಲೆಯ ಜೊತೆ ಬನ್ನಿ. ಈಜು ಬರದವರಿಗೆ ಮೊಣಕಾಲು ಮಟ್ಟದ ನೀರು ಸಾಕು.

ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ. ಇವತ್ತು ಬೆಳಗ್ಗೆ ಆರಕ್ಕೆ ಉಬ್ಬರ ಇದ್ರೆ ನಾಳೆ ಆರೂ ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತವೂ ಜೋರು, ಅದಕ್ಕೆ ಹೊರಡೋ ಮುಂಚೆ ಮನೆಯ ಕ್ಯಾಲೆಂಡರ್ ನೋಡ್ರಿ. ಅಂಕೋಲಾದ ನದಿಬಾಗ ಅನ್ನೋ ದಂಡೆಯಲ್ಲಿ ಸಂಜೆ ಕೂರೋದಕ್ಕೆ ಅಂಥ ಜಾಗ ಇನ್ನೊಂದಿಲ್ಲ, ಒಂದು ಕಡೆ ಹೊಳೆಯ ಹಿನ್ನೀರು, ಇನ್ನೊಂದು ಕಡೆ ಸಮುದ್ರ. ಆದ್ರೆ ಹೊಳೆ ಸಮುದ್ರ ಸೇರೋ ಬಾಯಿಯಲ್ಲಿ ಮಾತ್ರ ಇಳಿಯಬೇಡ್ರಿ. ಇಳಿತದ ಹೊತ್ತಿಗೆ ಹೊಳೆ ನೀರೂ ಸಮುದ್ರದ ನೀರೂ ಒಟ್ಟಿಗೆ ಒಳಕ್ಕೆ ಎಳೀತಾವ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗಡೆ ಮೀನು, ಇಸ್ವಾಣ ಮೀನು. ಮೀನಿನ ಸಾರಿಗೆ ಹಾಕೋ ಜುಮ್ಮನಕಾಯಿ ಅನ್ನೋ ಮಸಾಲೆ ಕಾಯಿಯ ವಾಸನೆ ಮೊದಲ ತುತ್ತಿಗೆ ಹೊಸದು ಅನ್ನಿಸ್ತದೆ, ಮೂರನೇ ತುತ್ತಿಗೆ ಅದೇ ಬೇಕು ಅನ್ನಿಸ್ತದೆ. ಇಸ್ವಾಣದ ಫ್ರೈ ಹೇಳೋ ಮೊದಲು ರೇಟು ಕೇಳ್ರಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ತಾಜಾ ಮೀನು ಕಡಿಮೆ, ರೇಟು ಮೇಲೆ. ರೊಟ್ಟಿ ಬಿಟ್ಟಿರಲಾರದವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದು, ಆದ್ರೆ ಬುಟ್ಟಿಯಲ್ಲಿ ಬೇಡ. ಆ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗ್ತಾವ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು.

ವಾಪಸ್ ಬಂದ ಮರುದಿನವೇ ಗಾಡಿಯ ತಳ ತೊಳೆಸಿ, ಬೈಕಾದ್ರೆ ಚೈನಿಗೆ ಎಣ್ಣೆ ಬಿಡ್ರಿ, ಉಪ್ಪು ಕೂತಲ್ಲಿ ತುಕ್ಕು ಶುರುವಾಗ್ತದೆ. ತೊಳೆಯೋದಕ್ಕೆ ನಮ್ಮೂರಿನ ಸವಳು ಬೋರ್ ನೀರು ಬೇಡ, ನಳದ ನೀರು ಬರೋ ದಿನ ನೋಡ್ಕೊಂಡು ತೊಳೆಸಿ.