35 ದಿನದ ಡಬಲ್ ಬೋನ್

ಎತ್ತು ಕೊಳ್ಳುವಾಗ ದಾವಣಗೆರೆ ಸೀಮೆಯವರನ್ನು ಯಾಮಾರಿಸುವುದು ಕಷ್ಟ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಅದೇ ಜನ ನಾಯಿಮರಿ ಕೊಳ್ಳುವುದು ವಾಟ್ಸಾಪ್ ವಿಡಿಯೊ ನೋಡಿ. ದುಡ್ಡು ಫೋನಲ್ಲೇ ಹೋಗುತ್ತದೆ, ಮರಿ ಬಸ್ಸಲ್ಲಿ ಬರುತ್ತದೆ. ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಲ್ಲಿ ಕ್ಲೀನರ್ ಇಳಿಸಿಕೊಡುವ ತೂತು ಕೊರೆದ ರಟ್ಟಿನ ಡಬ್ಬಿಯೊಳಗೆ, ಉಚ್ಚೆಯಲ್ಲಿ ನೆಂದ ಪೇಪರಿನ ಮೇಲೆ, ನಡುಗುತ್ತಾ ಕೂತ ಒಂದು ಲ್ಯಾಬ್ರಡಾರ್. ಫೋನಿನಲ್ಲಿ ಮಾರಿದವನ ಅಭಯ: “ಡಬಲ್ ಬೋನ್ ಐತ್ರಿ ಅಣ್ಣಾರ, ಶೋ ಕ್ವಾಲಿಟಿ!”

ದಪ್ಪ ಮೂಳೆಯ ಮರಿ ಎಂದು ಹೊಗಳಲು ಮಾರುವವರು ಹೇಳುವ ಈ ಡಬಲ್ ಬೋನ್ ಅನ್ನುವ ಮೂಳೆ ಯಾವ ಪಶುವೈದ್ಯರ ಪುಸ್ತಕದಲ್ಲೂ ಇಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ನೋಡಬೇಕಾದದ್ದು ಸೊಂಟದ ಕೀಲು. ಅಪ್ಪ-ಅಮ್ಮನಿಗೆ ಎರಡು ವರ್ಷ ತುಂಬಿದ ಮೇಲೆ ಎಕ್ಸ್-ರೇ ತೆಗೆಸಿದರೆ ತೊಡೆಮೂಳೆಯ ತಲೆ ಗುಂಡಿಯಲ್ಲಿ ಸರಿಯಾಗಿ ಕೂತಿದೆಯೋ ಸಡಿಲವಿದೆಯೋ ಕಾಣುತ್ತದೆ. ಎಕ್ಸ್-ರೇ ಕೇಳಿದರೆ ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಹಿಡಿಸುತ್ತಾರೆ. ಅದು ವಂಶಾವಳಿಯ ಚೀಟಿ. ಅಜ್ಜ ಯಾರೆಂದು ಹೇಳೀತು, ಅಜ್ಜ ಕುಂಟುತ್ತಿದ್ದನೇ ಎಂದು ಹೇಳದು.

ವಯಸ್ಸಿನ ಮಾತಿಗೆ ಬನ್ನಿ. ನಾಯಿ ಸಾಕಣೆ, ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 8 ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣಿಗೆ 18 ತಿಂಗಳಾಗುವವರೆಗೆ ಗಂಡು ಬಿಡುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ನಿಯಮ ಬಹಳ ಚೆನ್ನಾಗಿದೆ, ಯಾರೂ ಮುಟ್ಟದ್ದರಿಂದ ಇನ್ನೂ ಹೊಸದರಂತೆಯೇ ಇದೆ. ಪೇಟೆಯಲ್ಲಿ ಮಾತ್ರ ಮರಿ ಮಾರಾಟಕ್ಕೆ ಹಣ್ಣಾಗುವುದು 30–35 ದಿನಕ್ಕೆ. “ಚಿಕ್ಕದಿದ್ದಾಗ್ಲೇ ಒಯ್ರಿ, ಛಲೋ ಹಚ್ಕೊಳ್ತೈತಿ” ಎಂಬುದು ಶಾಸ್ತ್ರ.

ಶಾಸ್ತ್ರದ ಹಿಂದಿನ ಲೆಕ್ಕ ಸರಳ. ನಾಲ್ಕನೇ ವಾರಕ್ಕೆ ಮರಿಗಳಿಗೆ ಹಲ್ಲು ಬಂದು ತಾಯಿ ಮೊಲೆ ಕೊಡದೆ ಎದ್ದು ಓಡತೊಡಗುತ್ತದೆ. ಎಂಟು ಮರಿಗಳಿಗೆ ದಿನಕ್ಕೆ ನಾಲ್ಕು ಹೊತ್ತು ಊಟ, ಹೊತ್ತಿಗೊಮ್ಮೆ ಹೇಲು ಬಾಚುವ ಕೆಲಸ, ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧಿ, ಆರನೇ ವಾರದ ಮೇಲೆ ಲಸಿಕೆ. ಖರ್ಚು ಶುರುವಾಗುವ ದಿನವೇ ಮರಿ “ರೆಡಿ”. ಬಾಯಿ ಬಿಡಿಸಿದರೆ ಗುಟ್ಟು ರಟ್ಟಾಗುತ್ತದೆ. ಎಂಟು ವಾರದ ಮರಿಗೆ ಸಾಮಾನ್ಯವಾಗಿ 28 ಹಾಲುಹಲ್ಲು ಪೂರ್ತಿ ಬಂದಿರುತ್ತವೆ. ಐದು ವಾರದ್ದಕ್ಕೆ ಮುಂದಿನ ಸಾಲು ಮೂಡಿ ಹಿಂದಿನವು ಇನ್ನೂ ಪೂರ್ತಿ ಬಂದಿರುವುದಿಲ್ಲ. ಎತ್ತಿನ ಬಾಯಿಗೆ ಕೈ ಹಾಕುವ ಗೌಡರು ಇಲ್ಲಿ ಮಾತ್ರ “ಅಯ್ಯೋ, ಎಷ್ಟು ಕ್ಯೂಟಾಗೈತಿ” ಎಂದು ಸೆಲ್ಫಿ ತೆಗೆಯುತ್ತಾರೆ.

ಆ ಉಳಿದ ಮೂರು ವಾರದಲ್ಲೇ ಮರಿ ನಾಯಿಯಾಗುವುದು. ಆಡುವಾಗ ತಮ್ಮನ ಕಿವಿ ಜೋರಾಗಿ ಕಚ್ಚಿದರೆ ತಮ್ಮ ಕುಯ್ಯೆಂದು ಆಟ ಬಿಟ್ಟು ಹೋಗುತ್ತಾನೆ, ಅಮ್ಮನನ್ನು ಕಚ್ಚಿದರೆ ಗದರಿಕೆ. ಬಾಯಿಗೆ ಎಷ್ಟು ಬಿಗಿ ಕೊಡಬೇಕೆಂಬ ಪಾಠ ಇದೇ. 3ರಿಂದ 14 ವಾರದೊಳಗೆ ಕುಕ್ಕರ್ ಸೀಟಿ, ಮಂಡಿಪೇಟೆ ಲಾರಿ ಹಾರ್ನು, ಹೆಲ್ಮೆಟ್ಟಿನವರು, ಕೋಲು ಹಿಡಿದ ಅಜ್ಜ, ಕಿರುಚುವ ಮಕ್ಕಳು ಎಲ್ಲ ಪರಿಚಯವಾಗಬೇಕು. ಲಸಿಕೆ ಮುಗಿದಿರದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಬಹುದು. ನಮ್ಮ ಬಡಾವಣೆಗಳ ಪದ್ಧತಿ ಬೇರೆ: ಮೆಟ್ಟಿಲ ಕೆಳಗಿನ ಪಂಜರ, ಸರಪಳಿ, ಗೇಟಿಗೆ “ನಾಯಿ ಇದೆ ಎಚ್ಚರಿಕೆ”. ಬೋರ್ಡಿಗೆ ತಕ್ಕ ನಾಯಿ ವರ್ಷದೊಳಗೆ ತಯಾರು.

ಅಷ್ಟರವರೆಗೆ ಬದುಕಿದರೆ ತಾನೆ! ಡಬ್ಬಿಯ ಜೊತೆ ಬಂದ ಕಾರ್ಡಿನಲ್ಲಿ “ಎಲ್ಲಾ ಇಂಜೆಕ್ಷನ್ ಆಗಿದೆ” ಎಂದಿರುತ್ತದೆ. ಡಾಕ್ಟರ ಸಹಿ, ತಾರೀಖು, ಲಸಿಕೆಯ ಬ್ಯಾಚ್ ಸ್ಟಿಕ್ಕರ್ ಇರುವುದಿಲ್ಲ. 35 ದಿನಕ್ಕೆ ಎಲ್ಲಾ ಆಗಿರಲು ಸಾಧ್ಯವೇ ಇಲ್ಲ. ಆರೆಂಟು ವಾರಕ್ಕೆ ಶುರುವಾಗಿ 16 ವಾರದವರೆಗೆ ಮರುಡೋಸು ಬೇಕು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಾಲ್ಕಾರು ದಿನಕ್ಕೆ ಮರಿ ವಾಂತಿ ಮಾಡಿಕೊಂಡು ರಕ್ತಭೇದಿಗೆ ಬೀಳುತ್ತದೆ. ಪಾರ್ವೊ ಎಂಬ ವೈರಸ್ ಕಾಯಿಲೆ. ಮನೆಯವರು ದೃಷ್ಟಿ ಆಯಿತೆಂದು ಕಪ್ಪು ದಾರ ಕಟ್ಟುತ್ತಾರೆ, ಮಾರಿದವನು ದೊಡ್ಡ ಮನಸ್ಸು ಮಾಡಿ “ಬ್ಯಾರೆ ಮರಿ ಕೊಡ್ತೀನಿ ಬಿಡ್ರಿ” ಅನ್ನುತ್ತಾನೆ. ಹೊಸ ಮರಿಗೂ ಅದೇ ಗೋಣಿಚೀಲದ ಹಾಸಿಗೆ. ಈ ವೈರಸ್ಸು ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ಗೋಣಿ ಸುಟ್ಟು, ಒಂದು ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಬೆರೆಸಿ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಇಲ್ಲದಿದ್ದರೆ ಎರಡನೇ ಮರಿಗೂ ದೃಷ್ಟಿ.

ತಾಯಿಯನ್ನು ನೋಡಬೇಕೆಂದರೆ “ತೋಟದಾಗ ಐತ್ರಿ” ಎನ್ನುತ್ತಾರೆ. ಪ್ರತಿ ಬೆದೆಗೂ ಗಂಡು ಬಿಟ್ಟ ಹೆಣ್ಣು ನೋಡುವಂತಿರುವುದೂ ಇಲ್ಲ. ಗಬ್ಬದಲ್ಲಿ ಪ್ರೀತಿಯಿಂದ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸಿರುತ್ತಾರೆ. ಅದರಿಂದ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಗ್ರಂಥಿ ಸೋಮಾರಿಯಾಗುತ್ತದೆ. ಈದ ಎರಡು-ಮೂರು ವಾರಕ್ಕೆ, ಹಾಲು ಜೋರಾಗಿರುವಾಗ, ನಾಯಿ ಕೈಕಾಲು ಸೆಟೆದು ನಡುಗುತ್ತಾ ಬೀಳುತ್ತದೆ. ಆಗಲೂ ಕಪ್ಪು ದಾರ.

ಇಷ್ಟೆಲ್ಲ ದಾಟಿ ದೊಡ್ಡದಾದದ್ದು ಒಂದು ದಿನ ಹಾಲಿನ ಹುಡುಗನನ್ನು ಕಚ್ಚುತ್ತದೆ. ರಾತ್ರೋರಾತ್ರಿ ಕಾರಿನಲ್ಲಿ ಹಾಕಿಕೊಂಡು ಹೋಗಿ ಊರಾಚೆಯ ಬಾತಿ ಗುಡ್ಡದ ಹತ್ತಿರ ಬಿಟ್ಟು ಬರುತ್ತಾರೆ. ಮರುವಾರ ಬೀದಿನಾಯಿ ಹಾವಳಿ ತಡೆಯಬೇಕೆಂದು ಬಡಾವಣೆಯವರು ಪಾಲಿಕೆಗೆ ಕೊಡುವ ಮನವಿಯಲ್ಲಿ ಮೊದಲ ಸಹಿ ನಾಯಿ ಬಿಟ್ಟು ಬಂದವರದು. ಸಹಿ ಮಾಡುವಾಗಲೇ ಫೋನಿಗೆ ಹಸ್ಕಿ ಮರಿಯ ವಿಡಿಯೊ ಬಂದಿರುತ್ತದೆ, ನೀಲಿ ಕಣ್ಣು, 32 ದಿನ.