ಅದಕ್ಕೆ ಒಳ್ಳೇದಂತೆ!

ಇದನ್ನು ಬರೆಯುವ ಹೊತ್ತಿಗೂ ನನ್ನ ಬಾಯಲ್ಲಿ ಮಣ್ಣಿನ ರುಚಿ ಇದೆ. ಎರಡು ಸಲ ಹಲ್ಲುಜ್ಜಿದೆ. ಏಲಕ್ಕಿ ಜಗಿದೆ. ಕಾಫಿ ಕುಡಿದೆ, ಕಾಫಿಯೂ ಮಣ್ಣಾಯಿತು. ಕಾರಣ ಬೀಟ್‌ರೂಟ್ ಜ್ಯೂಸ್. ಹಸಿ ಬೀಟ್‌ರೂಟಿನದು. ಉಪ್ಪಿಲ್ಲ, ನಿಂಬೆಹುಳಿ ಇಲ್ಲ, ಒಂದು ದೊಡ್ಡ ಲೋಟ, ಅದೂ ಖಾಲಿ ಹೊಟ್ಟೆಗೆ. ನಾಲ್ಕು ದಿನದಿಂದ ಹೀಗೇ ನಡೆದಿದೆ. ಯಾಕೆ ಅಂತ ಕೇಳಬೇಡಿ. ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: ಅದಕ್ಕೆ.

ಈ 'ಅದಕ್ಕೆ' ನನ್ನ ಸ್ವಂತದ್ದಲ್ಲ. ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯನದು. 'ಅದಕ್ಕೆ' ಅನ್ನುವುದು ನಮ್ಮ ಭಾಷೆಯಲ್ಲಿ ಎಂಥ ಸಾಧು ಪದ ನೋಡಿ. ಮಳೆ ಬಂತು, ಅದಕ್ಕೆ ತಡವಾಯ್ತು. ಹಾಲು ಒಡೆಯಿತು, ಅದಕ್ಕೆ ಕಾಫಿ ಇಲ್ಲ. ನಮ್ಮ ಗೆಳೆಯನ ಬಾಯಿಗೆ ಬಿದ್ದ ಕೂಡಲೇ ಅದರ ಕತೆಯೇ ಬೇರೆ. ಮೊದಲು ಅವನ ನಡಿಗೆ ನಿಧಾನವಾಗುತ್ತದೆ. ಹಿಂದೆ ಮುಂದೆ ಯಾರಾದರೂ ಇದ್ದಾರಾ ಅಂತ ನೋಡುತ್ತಾನೆ. ದನಿ ಇಳಿಯುತ್ತದೆ. ಎಡಗಡೆಯ ಹುಬ್ಬು ಮಾತ್ರ ಮೇಲೆ ಹೋಗುತ್ತದೆ. ಆಮೇಲೆ ಹೇಳುತ್ತಾನೆ, "ದಾಳಿಂಬೆ ತಿನ್ನು ಮಾರಾಯ. ಅದಕ್ಕೆ ಒಳ್ಳೇದು."

"ಯಾವುದಕ್ಕೆ?"

"ಅದಕ್ಕೇ!"

ಒಂದು ದೀರ್ಘ ಜಾಸ್ತಿಯಾಯಿತು. ಅರ್ಥ ಇದ್ದಲ್ಲೇ ಇದೆ.

ಬಾದಾಮಿ ಅದಕ್ಕೆ. ಅಂಜೂರ ಅದಕ್ಕೆ. ಕುಂಬಳಬೀಜ ಅದಕ್ಕೆ, ಅದರಲ್ಲಿ ಸತು ಇದೆಯಂತೆ. ಬೆಳ್ಳುಳ್ಳಿ ಅದಕ್ಕೆ, ಆದರೆ ಹಸಿಯೇ ಆಗಬೇಕು. ಎರಡು ವರ್ಷದಿಂದ ದಿನಾ ಕೇಳಿ ಕೇಳಿ ನನಗೆ ಆ ಪದವೇ ಕೆಟ್ಟುಹೋಗಿದೆ. ಈಗ ಯಾರು 'ಅದಕ್ಕೆ' ಅಂದರೂ ನನ್ನ ಕಣ್ಣು ಸೀದಾ ಅವರ ಎಡಹುಬ್ಬಿಗೆ ಹೋಗುತ್ತದೆ. ಮೊನ್ನೆ ಬ್ಯಾಂಕಿನ ಕೌಂಟರಿನಲ್ಲಿದ್ದವರು "ಸರ್ವರ್ ಡೌನ್ ಇದೆ ಸಾರ್, ಅದಕ್ಕೆ ಆಗ್ತಿಲ್ಲ" ಅಂದರು. ಅಯ್ಯೋ ಪಾಪ ಅನ್ನಿಸಿಬಿಟ್ಟಿತು. ದಾಳಿಂಬೆ ತಿನ್ನಿ ಅನ್ನಲು ಬಾಯಿ ತೆರೆದಿದ್ದೆ, ಹಿಂದೆ ಕ್ಯೂ ಇತ್ತು.

ನನ್ನ ತಕರಾರು ಗೆಳೆಯನ ಮೇಲಲ್ಲ. ಅವನು ಕಳಿಸುವ ಲೇಖನಗಳ ಮೇಲೆ. ಯಾವುದನ್ನು ತೆರೆದರೂ ಇಷ್ಟು ಸತು, ಅಷ್ಟು ನೈಟ್ರೇಟ್, ಇಂಥ ಆಮ್ಲ ಅಂತ ಲೆಕ್ಕ ಇರುತ್ತದೆ. ರುಚಿ ಹೇಗಿದೆ ಅಂತ ಒಬ್ಬರೂ ಬರೆಯುವುದಿಲ್ಲ. ಊಟದಲ್ಲಿ ಒಂದು ಚಿಟಿಕೆ ಉಪ್ಪು ಹೆಚ್ಚಾದರೆ ಮನೆಯೆಲ್ಲ ಕೇಳುವ ಹಾಗೆ ಹೇಳುವ ಜನ, ಈ ವಿಷಯ ಬಂದ ಕೂಡಲೇ ನಾಲಿಗೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಇರಲಿ. ಬೇರೆ ಯಾರೂ ಬರೆಯದಿದ್ದರೆ ನಾನೇ ಬರೆಯುತ್ತೇನೆ.

ಆಯ್ಸ್ಟರ್ ಈ ಪಟ್ಟಿಯ ಹಿರಿಯಣ್ಣ. ಸಿಂಪಿಯೊಳಗಿನ ಹಸಿ ಮಾಂಸ. ಆರು ಆಯ್ಸ್ಟರ್ ತಿಂದರೆ ಒಂದು ದಿನಕ್ಕೆ ಬೇಕಾದ ಸತುವಿಗಿಂತ ಹೆಚ್ಚೇ ಸಿಗುತ್ತದೆ. ಗಂಡಸರ ಹಾರ್ಮೋನಿಗೂ ವೀರ್ಯಕ್ಕೂ ಸತು ಬೇಕು, ಅದು ನಿಜ. ನಾನು ಒಂದೇ ಒಂದು ಸಲ, ಒಂದೇ ಒಂದು ತಿಂದಿದ್ದೇನೆ. ಹೇಗಿತ್ತು ಅಂದರೆ, ಸಮುದ್ರಕ್ಕೆ ನೆಗಡಿಯಾಗಿತ್ತು, ನಾನು ಕರವಸ್ತ್ರವಾಗಿದ್ದೆ. 18ನೇ ಶತಮಾನದ ರಸಿಕ ಕ್ಯಾಸನೋವಾ ಬೆಳಗಿನ ತಿಂಡಿಗೆ 50 ಆಯ್ಸ್ಟರ್ ತಿನ್ನುತ್ತಿದ್ದ ಅಂತ ಕತೆ ಇದೆ. ಒಂದು ನುಂಗಿದ್ದಕ್ಕೇ ನಾನು ಗೋಡೆಗೆ ಒರಗಿ ಕೂತಿದ್ದೆ. ಐವತ್ತು ನುಂಗಿ ಎದ್ದು ನಿಲ್ಲುವವನಿಗೆ ಬೇರೆ ಸಹಾಯ ಯಾಕೆ ಬೇಕು?

ಮಾಕಾ ಪುಡಿಯನ್ನು ಗೆಳೆಯನೇ ತಂದುಕೊಟ್ಟ. ಪೆರುವಿನ ಆಂಡಿಸ್ ಬೆಟ್ಟದಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ ಬೆಳೆಯುವ ಗೆಡ್ಡೆ. ಮೂಲಂಗಿ, ಸಾಸಿವೆ ಇವೆಲ್ಲ ಅದರ ಬಂಧುಬಳಗ. ಡಬ್ಬದ ಮುಚ್ಚಳ ತೆಗೆದಾಗ ಸುಟ್ಟ ಬೆಲ್ಲದ ಪರಿಮಳ ಬಂತು, ಪರವಾಗಿಲ್ಲ ಅಂದುಕೊಂಡೆ. ಹಾಲಿಗೆ ಹಾಕಿ ಕುಡಿದರೆ ರಟ್ಟಿನ ಪೆಟ್ಟಿಗೆ ನೆನೆಸಿದ ನೀರು. ತಳದಲ್ಲಿ ಮರಳು ಬೇರೆ. ಅಷ್ಟು ಎತ್ತರದಲ್ಲಿ ಬೇರೆ ಬೆಳೆ ಬರುವುದು ಕಷ್ಟ, ಅಲ್ಲಿನವರು ತಿಂದದ್ದರಲ್ಲಿ ತಪ್ಪಿಲ್ಲ. ನಾನು ಯಾಕೆ ತಿನ್ನಬೇಕು?

ಚಾಕೊಲೇಟ್ ಅಂದಾಗ ಖುಷಿಯಾಗಿತ್ತು. ಆದರೆ ಅದಕ್ಕೆ ಒಳ್ಳೇದಾಗಬೇಕಾದರೆ ಸಕ್ಕರೆ ಇರಬಾರದಂತೆ, ಕಪ್ಪಗಿರಬೇಕಂತೆ. ಅಲ್ಲಿಗೆ ಆ ಖುಷಿಯೂ ಮುಗಿಯಿತು. ಪ್ರೀತಿ ಹುಟ್ಟಿಸುತ್ತದೆ ಅಂತ ಹೆಸರಾದ ಫಿನೈಲ್ ಈಥೈಲ್ ಅಮೀನ್ ಅದರಲ್ಲಿದೆ. ಆದರೆ ಹೊಟ್ಟೆಗೆ ಹೋದ ಮೇಲೆ ಅದರ ಬಹುಪಾಲು ಮಿದುಳು ತಲುಪುವ ಮೊದಲೇ ಒಡೆದುಹೋಗುತ್ತದೆ. ಅಂದರೆ ಕಹಿ ನನಗೆ, ಪ್ರೀತಿ ದಾರಿಯಲ್ಲೇ ಖರ್ಚು.

ಮೆಂತ್ಯದ ಕಹಿ ಎಲ್ಲರಿಗೂ ಗೊತ್ತು, ಬಿಡಿ. ಗೊತ್ತಿಲ್ಲದ್ದು ಏನೆಂದರೆ ಅದರಲ್ಲಿ ಸೊಟೊಲಾನ್ ಅನ್ನುವ ವಸ್ತುವಿದೆ, ಅದು ಬೆವರಿನಲ್ಲಿ ಸಿಹಿಪಾಕದ ವಾಸನೆಯಾಗಿ ಹೊರಗೆ ಬರುತ್ತದೆ. ನಾನು ದಿನಾ ಎರಡು ಚಮಚ ನೆನೆಸಿ ತಿನ್ನುತ್ತಿದ್ದ ವಾರ, ಲಿಫ್ಟಿನಲ್ಲಿ ಒಬ್ಬರು ಮೂಗರಳಿಸಿ "ಯಾರದ್ರೂ ಹುಟ್ಟುಹಬ್ಬಾನಾ?" ಅಂತ ಕೇಳಿದರು.

ಹಸಿ ಬೆಳ್ಳುಳ್ಳಿ ಮೂರು ದಿನ ನಡೆಯಿತು. ಜಜ್ಜಿದಾಗ ಹುಟ್ಟುವ ಘಾಟು ಬಾಯಲ್ಲಿ ಮಾತ್ರ ಉಳಿಯುವುದಲ್ಲ. ಗಂಧಕದ ಒಂದು ಅಂಶ ರಕ್ತಕ್ಕೆ ಸೇರಿ ಉಸಿರಿನ ಜೊತೆ ಶ್ವಾಸಕೋಶದಿಂದಲೇ ಬರುತ್ತದೆ. ಎಷ್ಟು ಹಲ್ಲುಜ್ಜಿದರೂ ಪ್ರಯೋಜನವಿಲ್ಲ. ಮೂರನೇ ರಾತ್ರಿ ಹೆಂಡತಿ ದಿಂಬು ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋದಳು. ಬಲ ಬಂತೋ ಇಲ್ಲವೋ, ಹಾಸಿಗೆಯಲ್ಲಿ ಜಾಗವಂತೂ ಜಾಸ್ತಿ ಸಿಕ್ಕಿತು.

ಈಗ ಬೀಟ್‌ರೂಟ್.

ಬೀಟ್‌ರೂಟಿನ ಮಣ್ಣುವಾಸನೆಗೆ ಕಾರಣ ಜಿಯೋಸ್ಮಿನ್. ಮೊದಲ ಮಳೆಗೆ ನೆಲದಿಂದ ಏಳುತ್ತದಲ್ಲ ಆ ವಾಸನೆ, ಅದರಲ್ಲಿರುವುದೂ ಇದೇ. ಕಿಟಕಿಯಿಂದ ಬಂದರೆ ಕವಿತೆ ಬರೆಯುತ್ತಾರೆ. ಲೋಟದಿಂದ ಬಂದರೆ ಮೂಗು ಹಿಡಿದುಕೊಂಡು ಕುಡಿಯಬೇಕು. ಅಷ್ಟು ಮಾಡಿದರೆ ಅದರಲ್ಲಿರುವ ನೈಟ್ರೇಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ರಕ್ತ ಚೆನ್ನಾಗಿ ಹರಿಯುತ್ತದೆ. ಎಲ್ಲಿಗೆ ಅಂತ ನಾನು ಹೇಳುವುದಿಲ್ಲ, ಎಡಹುಬ್ಬು ಏರಿಸುತ್ತೇನೆ. ಇದು ಬರೀ ಗಾಳಿಮಾತೂ ಅಲ್ಲ. ಈ ಅನಿಲ ಮೈಯೊಳಗೆ ಸುದ್ದಿ ಒಯ್ಯುವ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು. ಎದೆನೋವಿಗೆ ಅಂತ ಹುಡುಕಿದ ವಯಾಗ್ರ, ಬೇರೆ ಕೆಲಸಕ್ಕೆ ಅಂಗಡಿಗೆ ಬಂದದ್ದೂ ಅದೇ ವರ್ಷ. ಅದು ನಡೆಯುವುದೂ ಇದೇ ನೈಟ್ರಿಕ್ ಆಕ್ಸೈಡಿನ ದಾರಿಯಲ್ಲೇ. ಇಷ್ಟೆಲ್ಲ ಓದಿದ ಮೇಲೆ ಯಾರು ತಾನೇ ಒಂದು ಲೋಟ ಕುಡಿಯುವುದಿಲ್ಲ?

ಮೊದಲ ದಿನ ಕುಡಿದೆ. ಎರಡನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋದವನು ಕಿರುಚಿದೆ.

"ಏನ್ರೀ ಆಯ್ತು?" ಬಾಗಿಲ ಹೊರಗಿನಿಂದ ಹೆಂಡತಿ.

"ರಕ್ತ!"

"ಎಲ್ಲಿ? ಜಾರಿ ಬಿದ್ರಾ?"

"ಇಲ್ಲ ಕಣೇ... ಅದರಲ್ಲಿ!"

ನೋಡಿ, ಆ ಹೊತ್ತಿನಲ್ಲೂ ನನ್ನ ಬಾಯಿಗೆ ಸರಿಯಾದ ಪದ ಬರಲಿಲ್ಲ. ಗೆಳೆಯನ ವ್ಯಾಕರಣ ಅಷ್ಟು ಆಳಕ್ಕೆ ಇಳಿದಿತ್ತು. ಹೊರಗೆ ಬಂದು ಕುರ್ಚಿ ಹಿಡಿದು ಕೂತೆ. ಕೈ ನಡುಗುತ್ತಿತ್ತು. ವಿಮೆಯ ಕಾಗದ ಬೀರುವಿನ ಮೇಲಿನ ಖಾನೆಯಲ್ಲಿದೆ ಅಂದೆ. "ಗೊತ್ತು, ಇಟ್ಟಿದ್ದೇ ನಾನು" ಅಂದಳು. ನನಗೆ ಏನಾದರೂ ಆದರೆ ಧೈರ್ಯವಾಗಿರು ಅಂದೆ. "ನಿನ್ನೆ ಏನು ತಿಂದ್ರಿ?" ಅಂದಳು. ಆ ಪ್ರಶ್ನೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ, ಗೆಳೆಯನಿಗೆ ಫೋನ್ ಮಾಡುತ್ತಿದ್ದೆ.

"ಅಯ್ಯೋ, ಬೀಟ್‌ರೂಟಿನ ಬಣ್ಣ ಕಣೋ! ಕೆಲವರಿಗೆ ಹಾಗೇ ಬರುತ್ತೆ. ಹೇಳೋಕೆ ಮರೆತೆ."

ಮರೆತನಂತೆ! ದಾಳಿಂಬೆ ದಿನಕ್ಕೆ ಎಷ್ಟು ಕಾಳು ಅಂತ ಹೇಳಲು ಮರೆಯದವನು ಇದನ್ನು ಮರೆತ. ಬೀಟ್‌ರೂಟ್ ಮುಟ್ಟದೆಯೂ ಕೆಂಪಾದರೆ ಮಾತ್ರ ವೈದ್ಯರ ಹತ್ತಿರ ಓಡಬೇಕು. ಹೆಂಡತಿ ಒಂದು ಮಾತೂ ಆಡದೆ ಮಿಕ್ಸಿ ಜಾರನ್ನು ನನ್ನ ಮುಂದೆ ಇಟ್ಟಳು. ಕುಡಿದವರೇ ತೊಳೆಯಬೇಕು ಅನ್ನುವುದು ನಮ್ಮ ಮನೆಯ ಹೊಸ ಕಾನೂನು.

ಅದಾದ ಮೇಲೂ ಬಿಡಲಿಲ್ಲ ನಾನು. ಇಷ್ಟು ಹೆದರಿದ್ದಕ್ಕಾದರೂ ಫಲ ಬೇಡವೇ? ಮೂಗು ಹಿಡಿದು ಕುಡಿಯುವುದು, ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡುವುದು, ಯಾರನ್ನೋ ಕಚ್ಚಿ ಬಂದವನ ಹಾಗೆ ಕಾಣಿಸುವುದು, ತಕ್ಷಣ ಮೌತ್‌ವಾಶ್ ಹಾಕಿ ಗಳಗಳ ಮುಕ್ಕಳಿಸುವುದು. ನಾಲ್ಕೂ ದಿನ ತಪ್ಪದೆ ಮಾಡಿದೆ. ಇವತ್ತು ಬೆಳಿಗ್ಗೆ ಮುಕ್ಕಳಿಸುತ್ತಾ ನಿಂತಿದ್ದಾಗ, ಹೆಂಡತಿ ಫೋನ್ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಗೆಳೆಯ ಕಳಿಸಿದ ಲೇಖನವನ್ನೇ ಕೊನೆಯವರೆಗೆ ಓದಿದ್ದಳು, ನಾನು ಅರ್ಧಕ್ಕೆ ಬಿಟ್ಟಿದ್ದೆ.

"ರೀ, ಈ ನೈಟ್ರೇಟನ್ನ ಬದಲಾಯಿಸೋದು ನಾಲಿಗೆ ಮೇಲಿರೋ ಬ್ಯಾಕ್ಟೀರಿಯಾ ಅಂತೆ."

ನಾನು ಬಾಯಿತುಂಬ ನೀರಿಟ್ಟುಕೊಂಡು ತಲೆಯಾಡಿಸಿದೆ.

"ಮೌತ್‌ವಾಶ್ ಹಾಕಿದ್ರೆ ಅವೆಲ್ಲ ಸಾಯುತ್ವಂತೆ. ಆಮೇಲೆ ಬೀಟ್‌ರೂಟ್ ಕುಡಿದೂ ಸುಖ ಇಲ್ವಂತೆ."

ಉಗುಳಿದೆ. ನಾಲ್ಕು ದಿನ, ನಾಲ್ಕು ಲೋಟ ಮಣ್ಣು. ಅದು ಕೆಲಸ ಮಾಡಬೇಕಾದರೆ ಆ ರುಚಿಯನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಬೇಕು. ಹಾಗೆ ಓಡಾಡಿದರೆ ಹತ್ತಿರ ಯಾರು ಬರುತ್ತಾರೆ, ನೀವೇ ಹೇಳಿ.

ಸುಮ್ನೆ ಕೂತು ಯೋಚಿಸಿದರೆ ಇದೆಲ್ಲ ಹಳೆಯ ಹುಚ್ಚೇ. ಪ್ರಾಚೀನ ಈಜಿಪ್ಟಿನವರು ಲೆಟಿಸ್ ಸೊಪ್ಪನ್ನು ಫಲವಂತಿಕೆಯ ದೇವರು ಮಿನ್‌ಗೆ ಅರ್ಪಿಸುತ್ತಿದ್ದರು. ಕಿತ್ತಾಗ ಬಿಳಿ ಹಾಲು ಬರುತ್ತದಲ್ಲ, ಅದಕ್ಕೆ. ಎರಡೂ ಅರ್ಥದಲ್ಲಿ. ಗ್ರೀಕರು ಅದೇ ಸೊಪ್ಪು ತಿಂದರೆ ಇದ್ದದ್ದೂ ಹೋಗುತ್ತದೆ ಅಂತ ನಂಬಿದ್ದರು. ಸೊಪ್ಪಿಗೆ ತಾನು ಯಾವ ಪಕ್ಷ ಅನ್ನುವುದೇ ಗೊತ್ತಿಲ್ಲ, ಅದರ ರುಚಿಯೂ ಹಾಗೇ, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಕಾಮ ಹೆಚ್ಚಿಸುತ್ತೇವೆ ಅಂತ ಚೀಟಿಯಿಲ್ಲದೆ ಮಾರುವ ಔಷಧಿಗಳಿಗೆ ಸರಿಯಾದ ಆಧಾರವಿಲ್ಲ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1989ರಲ್ಲೇ ಹೇಳಿತು. ಈ ಮಾತನ್ನು ಗೆಳೆಯನಿಗೆ ಹೇಳಿದೆ. "ಅದು ಔಷಧಿಗೆ ಕಣೋ, ಇದು ಆಹಾರ" ಅಂದ.

ಅವನನ್ನು ಇನ್ನಷ್ಟು ಆಡಿಕೊಳ್ಳಬಹುದಿತ್ತು. ಆದರೆ ಇವತ್ತು ವಾಕಿಂಗಿನಲ್ಲಿ ಮೌತ್‌ವಾಶ್ ಕತೆ ಹೇಳಿದಾಗ ಅವನು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಹುಬ್ಬು ಏರಿಸದೆ, ತನಗೆ ಒಂದು ವರ್ಷದಿಂದ ತೊಂದರೆ ಇದೆ ಅಂದ. ವೈದ್ಯರ ಹತ್ತಿರ ಹೋಗಿದ್ದನಂತೆ. ಎದುರಿಗೆ ಕೂತ ಮೇಲೆ ಬಾಯಿ ಬರದೆ "ನಿದ್ದೆ ಸರಿಯಾಗಿ ಬರ್ತಿಲ್ಲ" ಅಂತ ಹೇಳಿ, ನಿದ್ದೆಗೆ ಮಾತ್ರೆ ಬರೆಸಿಕೊಂಡು ಎದ್ದು ಬಂದನಂತೆ. ಅವನಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆಯಿಂದ ಹೀಗಾಗುವುದು ಬಹಳ ಸಾಮಾನ್ಯ, ಕೆಲವೊಮ್ಮೆ ಹೃದಯದ ತೊಂದರೆ ಮೊದಲು ಕಾಣಿಸಿಕೊಳ್ಳುವುದೂ ಇಲ್ಲೇ, ಇದನ್ನು ಪರೀಕ್ಷೆ ಮಾಡಿಸಬೇಕು ಅಂತ ನನಗೆ ತಿಳಿದಷ್ಟು ಹೇಳಿದೆ. ನಾಡಿದ್ದು ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ. ಅವನ ಬಾಯಿ ಕಟ್ಟಿದರೆ ನಾನು ಹೇಳಬೇಕಂತೆ. ಯಾವ ಪದ ಬಳಸಬೇಕು ಅಂತ ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನಾನೂ ಇವಳೂ ಕಲ್ಲಂಗಡಿ ಹಣ್ಣನ್ನು ಅಡುಗೆಮನೆಯ ನೆಲದ ಮೇಲೆ ಕೂತು ತಿನ್ನುತ್ತಿದ್ದೆವು. ತಟ್ಟೆ ಇಲ್ಲ, ಚಮಚ ಇಲ್ಲ. ರಸ ಮೊಣಕೈವರೆಗೆ ಇಳಿಯುತ್ತಿತ್ತು. ಬೀಜ ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ ಬೇರೆ, ಯಾವಾಗಲೂ ಅವಳೇ ಗೆಲ್ಲುತ್ತಿದ್ದಳು. ಅದರಲ್ಲಿ ಸಿಟ್ರುಲಿನ್ ಇದೆ, ಅದೂ ಕೊನೆಗೆ ನೈಟ್ರಿಕ್ ಆಕ್ಸೈಡೇ ಆಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸಿಹಿಯಾಗಿತ್ತು, ತಿಂದೆವು.

ಮಧ್ಯಾಹ್ನ ಇವಳೇ ಒಂದು ಕಲ್ಲಂಗಡಿ ತಂದಳು. ಕೊಯ್ದು, ಕೆಂಪು ತಿರುಳನ್ನೆಲ್ಲ ಬಟ್ಟಲಿಗೆ ಹಾಕಿಕೊಂಡು ಎದುರಿಗೆ ಕೂತಳು. ನನ್ನ ಕಡೆಗೆ ಒಂದು ತಟ್ಟೆ ತಳ್ಳಿದಳು. ಅದರಲ್ಲಿ ಬರೀ ಬಿಳಿ ಸಿಪ್ಪೆ.

"ಸಿಪ್ಪೆಯಲ್ಲೂ ಇದೆಯಂತೆ ರೀ," ಅಂದಳು. "ಅದಕ್ಕೆ."

ನಾನು ಅವಳ ಎಡಹುಬ್ಬು ನೋಡಿದೆ. ಏರಿತ್ತು.